ಹೆಡ್‌ಲೈಟ್ ಒಳಗೆ ಕಪ್ಪು ಬಣ್ಣ: ಎಲ್ಲಿ ಹೊಡೀಬೇಕು, ಎಲ್ಲಿ ಕೂಡದು

ಹೋದ ವಾರ ಕಾರಿನ ಫೋಟೋ ಹಾಕಿದ ಮೇಲೆ ತುಂಬಾ ಜನ ಕೇಳಿದಿರಿ, ಹೆಡ್‌ಲೈಟ್ ಒಳಗೆ ಕಪ್ಪು ಬಣ್ಣ ಎಲ್ಲಿ ಹೊಡೆಸಿದ್ದು, ಎಷ್ಟಾಯಿತು ಅಂತ. ಎಲ್ಲೂ ಹೊಡೆಸಿಲ್ಲ. ಮಂಡ್ಯದ ನಮ್ಮ ಮನೆ ಮುಂದೆ, ಶೀಟಿನ ನೆರಳಲ್ಲಿ ಕೂತು ನಾನೇ ಹೊಡೆದಿದ್ದು. ನೀವೂ ಮಾಡಬಹುದು. ಆದರೆ ಬಣ್ಣ ಬೀಳಬೇಕಾದ ಜಾಗ ಒಂದೇ. ಅದು ಬಿಟ್ಟು ಬೇರೆ ಕಡೆ ಒಂದು ಹನಿಯೂ ಬೀಳಕೂಡದು. ಅದನ್ನ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೆಡ್‌ಲೈಟ್ ಬಿಚ್ಚಿದರೆ ಒಳಗೆ ಎರಡು ಭಾಗ ಹೊಳೆಯುತ್ತವೆ. ಬಲ್ಬಿನ ಹಿಂದೆ ಬಟ್ಟಲಿನ ಹಾಗೆ ಇರುವುದು ರಿಫ್ಲೆಕ್ಟರ್. ರಸ್ತೆಗೆ ಬೆಳಕು ಎಸೆಯುವ ಕನ್ನಡಿ ಅದು. ಅದರ ಸುತ್ತ ಬರೀ ಅಂದಕ್ಕೆ ಕೂರಿಸಿರುವ ಪ್ಲಾಸ್ಟಿಕ್ ಚೌಕಟ್ಟು ಬೆಜೆಲ್. ಕಪ್ಪು ಬಣ್ಣ ಈ ಬೆಜೆಲ್‌ಗೆ ಮಾತ್ರ. ಕೆಲವು ಕಾರುಗಳಲ್ಲಿ ಎರಡೂ ಒಂದೇ ತುಂಡಾಗಿರುತ್ತವೆ. ನಿಮ್ಮದು ಹಾಗಿದ್ದರೆ ಕೈ ಹಾಕಲೇಬೇಡಿ.

ಬಂಪರ್ ಬಿಚ್ಚಿ ಲೈಟ್ ಹೊರಗೆ ತೆಗೆಯುವುದು ಸುಲಭ. ಗ್ಲಾಸ್ ಬಿಡಿಸುವುದೇ ಕಷ್ಟ. ಅದನ್ನ ಬ್ಯುಟೈಲ್ ಅನ್ನೋ ಕಪ್ಪು ಅಂಟಿನಿಂದ ಹಿಡಿಸಿರುತ್ತಾರೆ. ಬಿಸಿ ಗಾಳಿ ಊದುವ ಹೀಟ್ ಗನ್‌ನಿಂದ ಸುತ್ತಲೂ ನಿಧಾನವಾಗಿ ಕಾಯಿಸಿದರೆ ಅಂಟು ಮೆತ್ತಗಾಗುತ್ತೆ. ಒಂದೇ ಕಡೆ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಎಳೆ ಎಳೆಯಾಗಿ ಬರುತ್ತಲ್ಲ, ಥೇಟ್ ಹಾಗೇ ಬಂತು. ಅಮ್ಮ ನೋಡಿ ಕೊಬ್ಬರಿ ಎಣ್ಣೆ ಬಟ್ಟಲು ತಂದಿಟ್ಟಳು. "ಬೇಡಮ್ಮ, ಎಣ್ಣೆ ಕೈ ತಾಗಿದರೆ ಬಣ್ಣ ಹಿಡಿಯಲ್ಲ" ಅಂದೆ.

ಬೆಜೆಲ್ ತೆಗೆದು 600 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿ, ಸೋಪು ನೀರಲ್ಲಿ ತೊಳೆದು ಒಣಗಿಸಿದೆ. ಮೇಲೆ ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಮ್ಯಾಟ್ ಕಪ್ಪು, ತೆಳ್ಳಗೆ 3 ಸಲ.

ತಪ್ಪಾಗಿದ್ದು ಎಡಗಡೆ ಲೈಟಿನಲ್ಲಿ. ರಿಫ್ಲೆಕ್ಟರ್ ಮೇಲೆ ಸ್ವಲ್ಪ ಧೂಳಿತ್ತು. ಹಳೇ ಪಂಚೆ ತುಂಡಿನಿಂದ ಒಂದು ಸಲ ಒರೆಸಿದೆ, ಅಷ್ಟೇ. ಬಟ್ಟೆಗೆ ಬೂದು ಬಣ್ಣ ಅಂಟಿತು. ರಿಫ್ಲೆಕ್ಟರ್ ಮೇಲೆ ಬೆರಳಗಲದ ಮಂಕು ಪಟ್ಟೆ ಉಳಿಯಿತು. ಅಲ್ಲಿರುವುದು ಅಲ್ಯೂಮಿನಿಯಂನ ತೀರಾ ತೆಳು ಪದರ. ಹೋದರೆ ಮತ್ತೆ ಬರಲ್ಲ. ಗುಜರಿಯಲ್ಲಿ ಹುಡುಕಿ ಬೇರೆ ಲೈಟ್ ತಂದು ಮೊದಲಿಂದ ಶುರು ಮಾಡಿದೆ. ಧೂಳಿದ್ದರೆ ಗಾಳಿ ಹೊಡೆಯಿರಿ, ಬಟ್ಟೆ ಮುಟ್ಟಿಸಬೇಡಿ.

ಇನ್ನೊಂದು, ಆತುರ ಬೇಡ. ಬಣ್ಣ ಮುಟ್ಟಿ ನೋಡಿದರೆ ಒಣಗಿರುತ್ತೆ, ಆದರೆ ಒಳಗೆ ಹಸಿ ಇರುತ್ತೆ. ಆಗಲೇ ಮುಚ್ಚಿದರೆ ಬಲ್ಬಿನ ಕಾವಿಗೆ ಅದರ ಆವಿ ಎದ್ದು ಗ್ಲಾಸಿನ ಒಳಗೆ ಬಿಳಿ ಮಂಜಿನ ಹಾಗೆ ಕೂರುತ್ತೆ. ನಾನು ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಮುಚ್ಚಿದೆ. ಹೊಸ ಬ್ಯುಟೈಲ್ ಹಾಕಿ, ಎಲ್ಲೂ ಸಂದು ಬಿಡದಂತೆ ಒತ್ತಿದೆ. ಸಂದು ಉಳಿದರೆ ಮೊದಲ ಮಳೆಗೇ ಲೈಟ್ ಒಳಗೆ ನೀರು.

ಸಂಜೆ ಅಪ್ಪ ಬಂದು ನೋಡಿದವರೇ, "ಏನ್ಲಾ ಇದು, ಲೈಟಿಗೆ ಕಾಡಿಗೆ ಹಚ್ಚಿದ್ದೀಯ? ರಾತ್ರಿ ಕಾಣ್ತದಾ?" ಅಂದರು. ಅಪ್ಪನ ಪ್ರಶ್ನೆ ಸರಿ. ಬೆಜೆಲ್‌ಗೆ ಮಾತ್ರ ಹೊಡೆದರೆ ರಸ್ತೆಗೆ ಬೀಳುವ ಬೆಳಕು ಕಮ್ಮಿಯಾಗಲ್ಲ, ಬೆಳಕಿನ ದಾರಿಗೆ ಕಪ್ಪು ಬಂದರೆ ಕಮ್ಮಿಯಾಗುತ್ತೆ. ಹಿಂದೆ ಬಸ್ಸು, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಳಿಯುತ್ತಿದ್ದರು, ಎದುರಿಗೆ ಬರುವವನ ಕಣ್ಣಿಗೆ ಹೊಡೆಯದಿರಲಿ ಅಂತ. ಈಗ ಕೆಲವರು ಚಂದಕ್ಕೆ ಅಂತ ಹೊರಗಿನ ಗ್ಲಾಸಿಗೇ ಕಪ್ಪು ಫಿಲ್ಮ್ ಅಂಟಿಸುತ್ತಾರೆ. ಬೆಳಕು ಕಮ್ಮಿಯಾಯಿತು ಅಂತ ಹ್ಯಾಲೋಜನ್ ಜಾಗಕ್ಕೆ ಎಲ್‌ಇಡಿ ತುರುಕುತ್ತಾರೆ. ನನಗೆ ಕೋಪ ಬರುವುದು ಇಲ್ಲೇ. ಹ್ಯಾಲೋಜನ್ ರಿಫ್ಲೆಕ್ಟರ್ ಮಾಡಿರುವುದೇ ಆ ಬಲ್ಬಿನ ತಂತಿ ಎಲ್ಲಿ ಉರಿಯುತ್ತೆ ಅನ್ನೋ ಲೆಕ್ಕದ ಮೇಲೆ. ಬೇರೆ ಬಲ್ಬ್ ಕೂರಿಸಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಮುಖಕ್ಕೆ ಹೋಗುತ್ತೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸ್ ಹಾಕಲು ಶುರು ಮಾಡಿದಾಗ ನನಗೆ ನಿಜವಾಗಿ ಖುಷಿಯಾಯಿತು.

ನಮ್ಮ ಕಡೆ ರಾತ್ರಿ ಓಡಾಡುವವರಿಗೆ ಹೆಡ್‌ಲೈಟ್ ಸರಿಯಿರುವುದು ಎಷ್ಟು ಮುಖ್ಯ ಅಂತ ಗೊತ್ತಿರುತ್ತೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಊರ ಕಡೆ ತಿರುಗಿದರೆ ಬೀದಿ ದೀಪ ಇರಲ್ಲ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್ ಎರಡೂ ಕಡೆ ಕಬ್ಬು ಚಾಚಿಕೊಂಡು ಹೋಗುತ್ತಿರುತ್ತೆ, ಎಷ್ಟೋ ಸಲ ಹಿಂದೆ ಕೆಂಪು ಲೈಟೂ ಇರಲ್ಲ. ನಾಲೆ ಏರಿ ಮೇಲಿನ ರಸ್ತೆಯಲ್ಲಿ ತಡೆಗೋಡೆ ಇಲ್ಲದ ಕಡೆ ಅಂಚು ಎಲ್ಲಿದೆ ಅಂತ ತೋರಿಸುವುದು ನಮ್ಮ ಹೆಡ್‌ಲೈಟ್ ಒಂದೇ. ಅಪ್ಪ ವಾರಕ್ಕೆರಡು ಸಲ ಗದ್ದೆಯಿಂದ ಅದೇ ರಸ್ತೆಯಲ್ಲಿ ಬರುತ್ತಾರೆ.

ಹಾಗಾಗಿ ಬಲ್ಬ್ ಕಂಪನಿ ಕೊಟ್ಟ 60/55 ವ್ಯಾಟಿನದೇ (ಹೈ ಬೀಮ್‌ಗೆ 60, ಡಿಮ್‌ಗೆ 55) ಇಟ್ಟೆ. ಕೊನೆಗೆ ಲೈಟಿನ ಮಟ್ಟ ನೋಡಿದೆ. ಬಿಚ್ಚಿ ಹಾಕಿದ ಮೇಲೆ ಇದನ್ನ ನೋಡಲೇಬೇಕು, ಜಾಸ್ತಿ ಜನ ಬಿಡುವುದೂ ಇದನ್ನೇ. ಸಮ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ. ಬಲ್ಬಿನ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 2 ಇಂಚು ಕೆಳಗಿರಬೇಕು. ಎಡಗಡೆ ಸ್ವಲ್ಪ ಮೇಲೆ ಏಳುತ್ತೆ, ಅದು ಇರಬೇಕಾದದ್ದೇ, ರಸ್ತೆ ಅಂಚು ಕಾಣಲಿ ಅಂತ. ಹಿಂದಿರುವ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳಬಹುದು.

ಎದುರು ಮನೆ ಕಾಂಪೌಂಡ್ ಮೇಲೆ ನಾನು ಎಳೆದ ಗೆರೆ ಇನ್ನೂ ಇದೆ, ಅವರು ಒರೆಸಬೇಡ ಅಂದಿದ್ದಾರೆ. ಮಂಡ್ಯದಲ್ಲಿರುವ ಗೆಳೆಯರು ಬಣ್ಣ ಹೊಡೆದು ಮಟ್ಟ ನೋಡಿಲ್ಲ ಅಂದರೆ, ಕತ್ತಲಾದ ಮೇಲೆ ಕಾರು ತನ್ನಿ. ಹತ್ತು ನಿಮಿಷದ ಕೆಲಸ, ಇಬ್ಬರೂ ಸೇರಿ ಮಾಡೋಣ.