ಬಯಾಪ್ಸಿ ಚೀಟಿಯಲ್ಲಿ ಏನು ಬರೆದಿದೆ, ನೋಡಿದಿರಾ?

ನಮ್ಮ ಕಡೆ ಆಪರೇಷನ್ ಮುಗಿಯುತ್ತಿದ್ದ ಹಾಗೆ ಸಿಸ್ಟರ್ ಹೊರಗೆ ಬಂದು "ಪೇಷಂಟ್ ಕಡೆಯವರು ಯಾರು?" ಅಂತ ಕೇಳುತ್ತಾರೆ. ಕೊಯ್ದು ತೆಗೆದ ತುಂಡಿರುವ ಬಾಟಲಿಯನ್ನೂ ಚೀಟಿಯನ್ನೂ ಕೈಗಿಟ್ಟು "ಇದನ್ನ ಲ್ಯಾಬಿಗೆ ಕೊಟ್ಟು ಬನ್ನಿ" ಅನ್ನುತ್ತಾರೆ. ಚೀಟಿಯಲ್ಲಿ ಹೆಸರು, ವಯಸ್ಸು, ಕೆಳಗೆ 'ಎಚ್‌ಪಿಇ', ಅಂದರೆ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅಂತ. ಎಷ್ಟೋ ಸಲ ಅಷ್ಟೇ.

ನಾನು ಇಂಗ್ಲೆಂಡಿನಲ್ಲಿ ಇಂಥ ತುಂಡುಗಳನ್ನು ಪರೀಕ್ಷಿಸುವ ಹಿಸ್ಟೊಪೆಥಾಲಜಿ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಆ ಚೀಟಿ ಅರ್ಧಂಬರ್ಧ ಇದ್ದರೆ ರೋಗಿಗೆ ಎಷ್ಟು ನಷ್ಟ ಅಂತ ದಿನಾ ಕಾಣುವ ಜಾಗ ಇದು. ತುಂಡು ನೋಡಿ ರಿಪೋರ್ಟ್ ಬರೆಯುವ ಡಾಕ್ಟರು, ಅಂದರೆ ಪೆಥಾಲಜಿಸ್ಟ್, ರೋಗಿಯ ಮುಖ ನೋಡಿರುವುದಿಲ್ಲ. ಅವರಿಗೆ ಸಿಗುವುದು ಒಂದು ತುಂಡು, ಒಂದು ಚೀಟಿ. ಮೊದಲು ರೇಡಿಯೇಷನ್ ಕೊಟ್ಟಿದ್ದರೆ ಕೆಲವು ಜೀವಕೋಶಗಳು ಕ್ಯಾನ್ಸರಿನ ಹಾಗೇ ಕಾಣುತ್ತವೆ. ಗರ್ಭಕೋಶದ ಒಳಪದರ ಆದರೆ ಕೊನೆಯ ಮುಟ್ಟಿನ ತಾರೀಖು ಬೇಕು, ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಅದೂ ಬೇಕು. ಇದನ್ನೆಲ್ಲ ಬರೆಯದೆ ಕಳಿಸಿದರೆ ಅವರು ಊಹೆ ಮಾಡಬೇಕಾ?

ಇಲ್ಲಿ ಚೀಟಿ ಒಂದು ಹೇಳಿ ಬಾಟಲಿ ಇನ್ನೊಂದು ಹೇಳಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಚೀಟಿಯಲ್ಲಿ ಎಡ ಮೊಲೆ, ಬಾಟಲಿ ಮೇಲೆ ಬಲ ಅಂತಿದ್ದರೆ ಲ್ಯಾಬಿನವರು ತಾವಾಗಿ ತಿದ್ದುವಂತಿಲ್ಲ. ರಕ್ತವಾದರೆ ಇನ್ನೊಮ್ಮೆ ತೆಗೆಯಬಹುದು, ಕೊಯ್ದು ತೆಗೆದ ಗಡ್ಡೆಯನ್ನು ಮತ್ತೆ ತೆಗೆಯೋಕಾಗಲ್ಲ. ಹಾಗಾಗಿ ಕಳಿಸಿದ ಡಾಕ್ಟರಿಗೆ ಫೋನು ಹೋಗುತ್ತದೆ. ಅವರು ಬಂದು ತಿದ್ದಿ, ಜವಾಬ್ದಾರಿ ಹೊತ್ತು ಸಹಿ ಹಾಕಬೇಕು. ಎಷ್ಟೇ ದೊಡ್ಡ ಸರ್ಜನ್ ಆದರೂ ಸರಿ. ಈ ಹಟ ನನಗೆ ತುಂಬಾ ಇಷ್ಟ.

ನಮ್ಮ ಸಂಬಂಧಿಕರೊಬ್ಬರ ಮೊಲೆಯ ಗಡ್ಡೆಯನ್ನು ಊರಿನ ನರ್ಸಿಂಗ್ ಹೋಮಿನಲ್ಲಿ ತೆಗೆದು ಕಿರಿದಾದ ಬಾಯಿಯ ಬಾಟಲಿಗೆ ತುರುಕಿದ್ದರು. ತುಂಡು ಕೊಳೆಯದಿರಲಿ ಅಂತ ಹಾಕುವ ಫಾರ್ಮಲಿನ್ ದ್ರಾವಣದಲ್ಲಿ ಮಾಂಸ ಗಟ್ಟಿಯಾಗುತ್ತದೆ. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಫಾರ್ಮಲಿನ್ ಬೇರೆ ಅರ್ಧಕ್ಕಿತ್ತು. ತುಂಡಿನ ಹತ್ತು ಪಟ್ಟಾದರೂ ಇರಬೇಕಿತ್ತು. ಫಾರ್ಮಲಿನ್ ತುಂಡಿನೊಳಗೆ ಇಳಿಯುವುದೇ ಗಂಟೆಗೆ ಸುಮಾರು 1 ಮಿಲಿಮೀಟರ್. ದೊಡ್ಡ ಗಡ್ಡೆಯನ್ನು ಸೀಳದೆ ಹಾಗೇ ಬಿಟ್ಟರೆ ನಡುಭಾಗ ಕೊಳೆಯುತ್ತದೆ. ಆಮೇಲೆ ಮೊಲೆ ಕ್ಯಾನ್ಸರಿಗೆ ಮಾಡುವ ಇಆರ್, ಪಿಆರ್, ಹರ್-2 ಪರೀಕ್ಷೆಗಳನ್ನು ನಂಬುವುದು ಕಷ್ಟ. ಯಾವ ಔಷಧ ಕೊಡಬೇಕು ಅಂತ ತೀರ್ಮಾನ ಆಗೋದೇ ಆ ಪರೀಕ್ಷೆಗಳ ಮೇಲೆ. ಅವಕ್ಕೆ ತುಂಡು ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು. ಆದ್ದರಿಂದ ಗಡ್ಡೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಯಬೇಕು. ನಮ್ಮವರ ಚೀಟಿಯಲ್ಲಿ ತಾರೀಖೂ ಇರಲಿಲ್ಲ.

ಹಾಗಂತ ಇಲ್ಲಿ ಎಲ್ಲಾ ಚೆಂದ ಅಂತಲ್ಲ. ಪೆಥಾಲಜಿಸ್ಟ್‌ಗಳೇ ಸಾಲದು. ಇಲ್ಲಿನ ಪೆಥಾಲಜಿಸ್ಟ್‌ಗಳ ಸಂಸ್ಥೆ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್ 2018ರಲ್ಲಿ ಹೇಳಿದ ಪ್ರಕಾರ, ಸಾಕಷ್ಟು ಜನ ಇದ್ದದ್ದು ನೂರಕ್ಕೆ ಮೂರು ಹಿಸ್ಟೊಪೆಥಾಲಜಿ ವಿಭಾಗಗಳಲ್ಲಿ ಮಾತ್ರ. ರಿಪೋರ್ಟಿಗೆ ವಾರಗಟ್ಟಲೆ ಕಾಯುವವರಿದ್ದಾರೆ. ಊರಲ್ಲಿ ನಾಲ್ಕೈದು ದಿನಕ್ಕೆ ಕೈಗೆ ಸಿಗುತ್ತದೆ ಅಲ್ವಾ?

ಇನ್ನೊಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಲ್ಯಾಬಿನಲ್ಲೇ 30 ವರ್ಷ ಇರುತ್ತದೆ. ಬೇಕಾದಾಗ ಲ್ಯಾಬಿನಿಂದ ಲ್ಯಾಬಿಗೆ ಹೋಗುತ್ತದೆಯೇ ಹೊರತು ಸಾಮಾನ್ಯವಾಗಿ ರೋಗಿಯ ಕೈಗೆ ಬರುವುದಿಲ್ಲ. ನಮ್ಮಲ್ಲಿ ಕೇಳಿದರೆ ಬ್ಲಾಕ್, ಸ್ಲೈಡ್ ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮುಂಬಯಿಯ ಟಾಟಾಗೋ ಒಯ್ದು ಇನ್ನೊಬ್ಬರಿಗೆ ತೋರಿಸಬಹುದು. ಮನೆಯವರ ಈ ಹಕ್ಕು ಹಾಗೇ ಉಳಿಯಲಿ. ಆದರೆ ಹಸಿ ತುಂಡನ್ನು ಬಸ್ಸಲ್ಲಿ ಹೊತ್ತೊಯ್ಯುವ ಕೆಲಸ ಮನೆಯವರದಲ್ಲ, ಆಸ್ಪತ್ರೆಯದು.

ಅಲ್ಲಿಯವರೆಗೆ ಬಾಟಲಿ ನಿಮ್ಮ ಕೈಗೆ ಬಂದರೆ ಸಂಕೋಚ ಬೇಡ, ಅಲ್ಲೇ ನಿಂತು ಕೇಳಿ. ಹೆಸರು ಮುಚ್ಚಳದ ಮೇಲಲ್ಲ, ಬಾಟಲಿ ಮೇಲೇ ಇದೆಯಾ? ಎಡವೋ ಬಲವೋ ಬರೆದಿದ್ದಾರಾ? ಹಳೇ ಬಯಾಪ್ಸಿ ನಂಬರು? ಟಿಬಿ ಅನುಮಾನ ಇದ್ದರೆ ಇನ್ನೊಂದು ತುಂಡು ಫಾರ್ಮಲಿನ್ ಇಲ್ಲದ ಬಾಟಲಿಯಲ್ಲಿ ಇದೆಯಾ? ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ, ಆಮೇಲೆ ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡೋಕಾಗಲ್ಲ. ಮುಂದೆ ಬ್ಲಾಕ್ ತಂದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಕರಗಬಹುದು.