ರೂಡಿ ನಮ್ಮನೆಗೆ ಬಂದ ಕಥೆ

ಮೊನ್ನೆ ಹಾಕಿದ ನಮ್ಮನೆ ಪಿನ್‌ಬಾಲ್ ಮಷೀನಿನ (ಗಾಜಿನಡಿಯ ಇಳಿಜಾರು ಹಲಗೆ ಮೇಲೆ ಉಕ್ಕಿನ ಗುಂಡು ಹೊಡೆದು ಆಡೋ ಆಟ) ಫೋಟೋ ನೋಡಿ ಮೂರ್ನಾಲ್ಕು ಜನ ಇನ್‌ಬಾಕ್ಸಿಗೆ ಬಂದು ಕೇಳಿದ್ದು ಒಂದೇ: "ಪಿನ್‌ಬಾಲ್ ಮಷೀನ್ ಮನೇಲಿ ಇಟ್ಕೋಬಹುದಾ? ಎಷ್ಟಾಯ್ತು?" ಎಷ್ಟಾಯ್ತು ಅಂತ ಇಲ್ಲಿ ಬರೆದ್ರೆ ಊರಲ್ಲಿ ಅಮ್ಮ ಓದ್ತಾಳೆ. ಅದೊಂದು ಬಿಟ್ಟು ಮಿಕ್ಕಿದ್ದು ಹೇಳ್ತೀನಿ.

ನನಗೆ ಪಿನ್‌ಬಾಲ್ ಹುಚ್ಚಿಲ್ಲ. ಹುಚ್ಚಿರೋರ ಬೇಸ್‌ಮೆಂಟು ಈ ಚಿಕಾಗೋದಲ್ಲಿ ಬೇಕಾದಷ್ಟು ನೋಡಿದೀನಿ, ಹತ್ತು ಮಷೀನು ಸಾಲಾಗಿ, ಪಕ್ಕದಲ್ಲೇ ರಿಪೇರಿಗೆ ಕರೆಂಟು ಅಳೆಯೋ ಮಲ್ಟಿಮೀಟರು. ನನ್ನದು ಒಂದೇ, ವಿಲಿಯಮ್ಸ್ ಕಂಪನಿಯ 1990ರ ಫನ್‌ಹೌಸ್. ಅದರೊಳಗೆ ರೂಡಿ ಅಂತ ಒಂದು ಬೊಂಬೆ ತಲೆ ಇದೆ. ಕಣ್ಣು ಹೊರಳಿಸ್ತಾನೆ, ಆಡೋರನ್ನ ಹೀಯಾಳಿಸ್ತಾನೆ. ಆಟದ ಗಡಿಯಾರ ರಾತ್ರಿ ಹನ್ನೆರಡರ ಹತ್ತಿರ ಬಂದಾಗ ನಿದ್ದೆ ಹೋಗ್ತಾನೆ. ತೆರೆದ ಬಾಯಿಗೆ ಚೆಂಡು ಹೊಡೀಬೇಕು. ನನ್ನ ಎಂಟು ವರ್ಷದ ಮಗಳಿಗೆ ಇಷ್ಟು ನಿಯಮ ಸಾಕಾಯ್ತು. ಬಲ್ಲವರು "ಆರು ತಿಂಗಳಿಗೇ ಬೇಜಾರಾಗುತ್ತೆ, ನಿಯಮ ಜಾಸ್ತಿ ಇರೋದು ತಗೋ" ಅಂದಿದ್ರು. ವಾರಕ್ಕೆ ನಾಲ್ಕು ಆಟ ಆಡೋ ನಮಗೆ ಬೇಜಾರಾಗೋಕೂ ಹತ್ತು ವರ್ಷ ಬೇಕು ಸ್ವಾಮಿ.

ಇದಕ್ಕೂ ಮೊದಲು ಅಗ್ಗಕ್ಕೆ ಸಿಗುತ್ತೆ ಅಂತ ಇನ್ನೊಂದು ನೋಡೋಕೆ ಹೋಗಿದ್ದೆ. "ಸಣ್ಣ ರಿಪೇರಿ ಅಷ್ಟೇ" ಅಂದ ಮಾರೋನು. ಸ್ಕೋರು ನೆನಪಿಡೋಕೆ ಅಂತ ಮಷೀನಿನ ಹಿಂದೆ ನಿಂತಿರೋ ಡಬ್ಬದ ಸರ್ಕ್ಯೂಟ್ ಬೋರ್ಡಿನಲ್ಲಿ ಮೂರು ಎಎ ಬ್ಯಾಟರಿ ಇರುತ್ತೆ. ತೆರೆದು ನೋಡಿದ್ರೆ ಅವು ಸೋರಿ, ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ ಬೋರ್ಡೆಲ್ಲ ಹಸಿರು! ಕೈಮುಗಿದು ಬಂದೆ. ಗಾಜು ತೆಗೆದು, ಆಟದ ಹಲಗೆ ಎತ್ತಿ, ಇರೋ ಐಬನ್ನೆಲ್ಲ ತಾನೇ ತೋರಿಸೋನು ಸಿಕ್ಕರೆ ಎರಡು ಕಾಸು ಜಾಸ್ತಿ ಕೊಟ್ಟು ಅವನ ಹತ್ರಾನೇ ತಗೊಳ್ಳಿ.

ತೂಕ 100 ಕೆಜಿ ಮೇಲೆ. ಕಾಲು ಬಿಚ್ಚಿ, ಹಿಂದಿನ ಡಬ್ಬ ಮಡಚಿ, ಕನ್ನಡ ಕೂಟದ ನಾಲ್ವರು ಬೇಸ್‌ಮೆಂಟಿಗೆ ಇಳಿಸಿದ್ರು. ಕೂಲಿ: ಬಿಸಿಬೇಳೆಬಾತ್, ಖಾರಾಬೂಂದಿ. (ಒಬ್ಬನ ಸೊಂಟ ಈಗಲೂ ನನ್ನ ಹೆಸರು ಜಪಿಸುತ್ತಂತೆ.)

ಇದು ಟಿವಿ ಅಲ್ಲ, ಎಮ್ಮೆ ಕಟ್ಟಿದ ಹಾಗೆ. ನೋಡ್ಕೋತಾ ಇರಬೇಕು. 80 ಗ್ರಾಮಿನ ಉಕ್ಕಿನ ಗುಂಡು ದಿನಾ ಬಡೀತಿದ್ರೆ ಯಾವುದು ತಾನೇ ಉಳಿಯುತ್ತೆ? ಮೂರನೇ ತಿಂಗಳಿಗೆ ಎಡಗಡೆ ಫ್ಲಿಪ್ಪರು (ಗುಂಡನ್ನ ವಾಪಸ್ ಹೊಡೆಯೋ ಕೈ) ಸೋತುಹೋಯ್ತು. ರಿಪೇರಿಗೆ ಬಂದ ಅಜ್ಜ ಹಲಗೆ ಎತ್ತಿ, ಅದನ್ನ ಆಡಿಸೋ ಕಾಯಿಲ್, ಅಂದ್ರೆ ತಂತಿ ಸುರುಳಿ, ಒಳಗೆ ಹೋಗಿಬರೋ ಕಬ್ಬಿಣದ ಸರಳನ್ನ ಕೈಗಿಟ್ಟ. ಸುತ್ತಿಗೆ ಏಟು ತಿಂದ ಉಳಿಯ ತಲೆ ಹಾಗೆ ತುದಿ ಅರಳಿತ್ತು. ಅರ್ಧ ಗಂಟೆ ಕೆಲಸ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಲ್ಲಾ ಈ ಊರಿನ ಪಿನ್‌ಬಾಲ್ ಕಂಪನಿಗಳೇ ಆಗಿದ್ವು. ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ನಿಲ್ಲಿಸಿದ್ರೂ ಕೈಚಳಕ ಇರೋರು ಇಲ್ಲೇ ಸುತ್ತಮುತ್ತ ಇದ್ದಾರೆ. ಮಷೀನಿಗಿಂತ ಮೊದಲು ಇಂಥ ಅಜ್ಜನನ್ನ ಹುಡುಕಿಕೊಳ್ಳಿ ಅನ್ನೋದು ನನ್ನ ವಾದ. ಬೆಂಗಳೂರಿಗೆ ತರಿಸ್ಲಾ ಅಂತ ಕೇಳಿದ ಗೆಳೆಯನಿಗೂ ಅದೇ ಉತ್ತರ. ಇಲ್ಲಿನ 120 ವೋಲ್ಟು, ಅಲ್ಲಿನ 230, ಅದಕ್ಕೇನೋ ದಾರಿ ಇದೆ. ಅಜ್ಜನನ್ನ ಎಲ್ಲಿಂದ ತರ್ತೀಯ ಮಾರಾಯ? ನೀನೇ ಬೆಸುಗೆ ಹಾಕೋದು ಕಲೀತೀಯ ಅಂದ್ರೆ ಸರಿ, ಆದ್ರೆ ಆಗ ನೀನೂ ಆ ಹುಚ್ಚರ ಗುಂಪಿಗೇ ಸೇರಿದೆ.

ಹೋದ ಬೇಸಿಗೇಲಿ ಅಪ್ಪ ಬಂದಿದ್ರು. ನೋಡಿದ ಕೂಡಲೇ, "ಇದು ಜೂಜಲ್ವೇನೋ?" ನ್ಯೂಯಾರ್ಕ್ ನಗರದೋರೂ ಹಾಗೇ ಅಂದ್ಕೊಂಡು 1942ರಿಂದ 1976ರವರೆಗೆ ನಿಷೇಧಿಸಿದ್ರು ಅಪ್ಪ ಅಂದೆ. ಎರಡನೇ ದಿನ, "ನಮ್ಮ ಮೊಳೆ ಹೊಡೆದ ಬ್ಯಾಗಟೆಲ್ ಬೋರ್ಡೇ ಇದು, ಕರೆಂಟು ಕೊಟ್ಟಿದ್ದಾರೆ ಅಷ್ಟೇ" ಅಂದ್ರು. ಮೂರನೇ ವಾರಕ್ಕೆ ನಮ್ಮನೆ ದಾಖಲೆ ಮುರಿದ್ರು! ಮಷೀನು ಮೂರಕ್ಷರ ಕೇಳ್ತು. ಊರು, ತಂದೆ, ತನ್ನ ಹೆಸರು, ಮೂರೂ ಇನಿಷಿಯಲ್ಲು ಸರಿಯಾಗಿ ಕೂತವು.

ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸ್ತೀನಿ, ಮಷೀನು ಆನ್ ಇಟ್ಕೊಂಡೇ. ಆಫ್ ಮಾಡಿ ತೆಗೆದ್ರೆ ಆ ಮೂರಕ್ಷರ ಅಳಿಸಿಹೋಗುತ್ತೆ.