ಬೆಂಗಳೂರಿನಲ್ಲಿ ಕೆಲಸ, ತುಮಕೂರಿನಲ್ಲಿ ಬಾಡಿಗೆ ಮನೆ: ಲೆಕ್ಕ ಗಿಟ್ಟುತ್ತದೆಯೇ?

ಪರ: ಬಾಡಿಗೆ ಆಮೇಲೆ, ಮೊದಲು ಅಡ್ವಾನ್ಸ್ ನೋಡಿ

ಮಲ್ಲೇಶ್ವರ, ರಾಜಾಜಿನಗರದ ಕಡೆ ಎರಡು ರೂಮಿನ ಮನೆ ಕೇಳಿದರೆ 25 ಸಾವಿರದಿಂದಲೇ ಮಾತು ಶುರು. ಗಾಳಿ, ಬೆಳಕು, ಗಾಡಿ ನಿಲ್ಲಿಸಲು ಜಾಗ ಬೇಕೆಂದರೆ ಇನ್ನೂ ಮೇಲೆ. ಅದೇ ಅಳತೆಯ ಮನೆ ತುಮಕೂರಿನ ಶೆಟ್ಟಿಹಳ್ಳಿ, ಸರಸ್ವತಿಪುರಂ ಕಡೆ 10-12 ಸಾವಿರಕ್ಕೆ ಸಿಗುತ್ತದೆ. ಎಲ್ಲರೂ ಲೆಕ್ಕವನ್ನು ಇಷ್ಟಕ್ಕೇ ಮುಗಿಸಿಬಿಡುತ್ತಾರೆ. ನಿಜವಾದ ಪೆಟ್ಟು ಬೀಳುವುದು ಅಡ್ವಾನ್ಸಿನಲ್ಲಿ.

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಡುವುದು ಬೆಂಗಳೂರಿನ ಹಳೇ ರೂಢಿ. ಈಗ ಕೆಲವರು ಐದಾರು ತಿಂಗಳಿಗೆ ಒಪ್ಪುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಪಡೆಯಬಾರದು ಅನ್ನುತ್ತದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ, ಓನರ್ ಮುಂದೆ ಹೇಳಿದರೆ ನಕ್ಕು ಬೇರೆ ಮನೆ ನೋಡಿಕೊಳ್ಳಿ ಅನ್ನುತ್ತಾರೆ. ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ವರ್ಷಗಟ್ಟಲೆ ಬಡ್ಡಿಯಿಲ್ಲದೆ ಇನ್ನೊಬ್ಬರ ಕೈಲಿರುತ್ತದೆ. ಖಾಲಿ ಮಾಡುವ ದಿನ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಕೊಡುತ್ತಾರೆ. ಹೊಸದಾಗಿ ಸಂಸಾರ ಹೂಡುವವರು ಈ ದುಡ್ಡಿಗೆಂದೇ ಚೀಟಿ ಎತ್ತುತ್ತಾರೆ, ಒಡವೆ ಅಡ ಇಡುತ್ತಾರೆ. ತುಮಕೂರಿನಲ್ಲಿ ಐವತ್ತು ಸಾವಿರದೊಳಗೆ ಬೀಗದ ಕೈ ಸಿಕ್ಕರೆ ಆ ಒಡವೆ ಮನೆಯಲ್ಲೇ ಉಳಿಯುತ್ತದೆ.

ಇನ್ನು ದೂರ. 70 ಕಿ.ಮೀ. ಅಂದಕೂಡಲೇ ಜನ ಹೌಹಾರುತ್ತಾರೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗುವವರನ್ನು ಕೇಳಿ ನೋಡಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೂ ಮೆಟ್ರೊದೊಳಗೇ ಒಂದೂಕಾಲು ಗಂಟೆ ದಾಟುತ್ತದೆ. ತುಮಕೂರಿನಲ್ಲಿ ರೈಲು ಹತ್ತಿದವರು ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ಯಶವಂತಪುರದಲ್ಲಿ ಇಳಿದಿರುತ್ತಾರೆ. ಅಲ್ಲೇ ಪಕ್ಕದಲ್ಲಿ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ. ಪೀಣ್ಯದ ಕಾರ್ಖಾನೆಯಲ್ಲೋ ಮಲ್ಲೇಶ್ವರದ ಕಚೇರಿಯಲ್ಲೋ ಕೆಲಸವಿದ್ದವರಿಗೆ ಇದಕ್ಕಿಂತ ಇನ್ನೇನು ಬೇಕು? ರೈಲ್ವೆ 150 ಕಿ.ಮೀ.ವರೆಗೆ ತಿಂಗಳ ಪಾಸು ಕೊಡುತ್ತದೆ, ತುಮಕೂರಿಂದಾದರೆ ಕೆಲವೇ ನೂರು ರೂಪಾಯಿ. 2025ರ ಫೆಬ್ರವರಿಯ ದರ ಏರಿಕೆಯ ನಂತರ ಮೆಟ್ರೊದಲ್ಲಿ ಉದ್ದನೆಯ ಒಂದು ಪ್ರಯಾಣಕ್ಕೇ 90 ರೂಪಾಯಿ! ಹೆಂಗಸರಿಗಂತೂ 2023ರ ಜೂನ್ 11ರಿಂದ, ಶಕ್ತಿ ಯೋಜನೆ ಬಂದ ಮೇಲೆ, ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಬೆಂಗಳೂರಿನವರೆಗೂ ಟಿಕೆಟ್ ದುಡ್ಡೇ ಇಲ್ಲ.

ರೈಲಿನೊಳಗಿನ ಬದುಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕರ್ಚೀಫು ಹಾಕಿ ಸೀಟು ಹಿಡಿದುಕೊಡುವ ಗೆಳೆಯರು, ಕ್ಯಾತ್ಸಂದ್ರದಲ್ಲಿ ಹತ್ತುವ ಇನ್ನೊಂದು ತಂಡ, ಚಳಿಗಾಲದ ಸಂಜೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಹರಟುವ ಹೆಂಗಸರು. ತಮ್ಮ ರೈಲಿಗೇ ಹುಟ್ಟುಹಬ್ಬ ಮಾಡಿ ಕೇಕ್ ಕತ್ತರಿಸಿದ ಪ್ರಯಾಣಿಕರು ಇದೇ ತುಮಕೂರಿನವರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ಗೊತ್ತಿರುವವರೆಷ್ಟು ಮಂದಿ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರಿಗೆ ನಾನು ಇದನ್ನು ಹೇಳುತ್ತಿಲ್ಲ. ಅವರು ಹೊಸೂರು ನೋಡಿಕೊಳ್ಳಲಿ.

ವಿರೋಧ: ಆ ಅವರೆಕಾಯಿ ಯಾಕೆ ರೈಲಿನಲ್ಲಿ?

ಹರಟೆಗೆಂದು ಯಾರೂ ರೈಲಿಗೆ ಅವರೆಕಾಯಿ ಹೊತ್ತು ತರುವುದಿಲ್ಲ. ಮನೆ ಸೇರುವಾಗ ಎಂಟೂವರೆ, ಆಮೇಲೆ ಸುಲಿದರೆ ಸಾರು ಕುದಿಯುವುದು ಯಾವಾಗ? ಬೆಳಿಗ್ಗೆ ಐದಕ್ಕೆ ಕುಕ್ಕರ್ ಕೂಗಬೇಕು, ನಾಲ್ಕು ಡಬ್ಬಿ ತುಂಬಬೇಕು, ಆರೂವರೆಗೆ ಸ್ಟೇಷನ್ನಿನಲ್ಲಿರಬೇಕು. ಪರ ಬರೆದವರಿಗೆ ಸೊಗಸಾಗಿ ಕಂಡದ್ದು ಮನೆಯಲ್ಲಿ ಮಾಡಲು ಹೊತ್ತು ಸಾಲದೆ ರೈಲಿಗೆ ಬಂದ ಅಡುಗೆಮನೆ ಕೆಲಸ.

ಅವರ ಲೆಕ್ಕವನ್ನೇ ಮುಂದುವರಿಸೋಣ. ಬಾಡಿಗೆಯಲ್ಲಿ 14 ಸಾವಿರ ಉಳಿಯಿತು ಅನ್ನಿ. ಪಾಸು, ಸ್ಟೇಷನ್ ಹತ್ತಿರ ಬೈಕ್ ನಿಲ್ಲಿಸುವ ಬಾಡಿಗೆ, ಯಶವಂತಪುರದಿಂದ ಮೆಟ್ರೊ, ರೈಲು ತಪ್ಪಿದ ದಿನದ ಬಸ್ಸು, ಎರಡು ಹೊತ್ತಿನ ಕಾಫಿ ಎಲ್ಲ ಸೇರಿ ಮೂರು ಸಾವಿರ ಹೋಯಿತು. ಉಳಿದದ್ದು 11 ಸಾವಿರ. ರೈಲಿನ ಒಂದೂಕಾಲು ಗಂಟೆಯನ್ನಷ್ಟೇ ಹೇಳಿದರೆ ಸಾಲದು, ಮನೆ ಬಾಗಿಲಿಂದ ಕಚೇರಿ ಬಾಗಿಲಿಗೆ ಎಣಿಸಬೇಕು. ಹಾಗೆ ಎಣಿಸಿದರೆ ಹೋಗಿಬರಲು ದಿನಕ್ಕೆ ಐದು ಗಂಟೆ. ರಾಜಾಜಿನಗರದಲ್ಲಿದ್ದರೆ ಎರಡು. ಹೆಚ್ಚಿನ ಮೂರು ಗಂಟೆಯನ್ನು 25 ದಿನಕ್ಕೆ ಹಿಡಿದರೆ ತಿಂಗಳಿಗೆ 75 ಗಂಟೆ. ಅಂದರೆ ನಿಮ್ಮ ನಿದ್ದೆಯನ್ನು ಗಂಟೆಗೆ 150 ರೂಪಾಯಿಗೂ ಕಡಿಮೆಗೆ ಮಾರಿದಿರಿ. ಗಂಡ ಹೆಂಡತಿ ಇಬ್ಬರೂ ಓಡಾಡುವವರಾದರೆ ಅದರ ಅರ್ಧವೂ ಗಿಟ್ಟುವುದಿಲ್ಲ. ಅಡ್ವಾನ್ಸಿನ ಮಾತು ಒಪ್ಪುತ್ತೇನೆ, ಅಲ್ಲಿ ಬೆಂಗಳೂರಿನ ಓನರ್‌ಗಳ ಪರ ವಾದಿಸಲು ನನಗೂ ಬಾಯಿಲ್ಲ. ಆದರೆ ಅಡ್ವಾನ್ಸ್, ಪೇಂಟಿಂಗಿಗೆ ಮುರಿದುಕೊಂಡರೂ, ವಾಪಸ್ ಬರುವ ದುಡ್ಡು.

ಇದೂ ರೈಲು ಸಮಯಕ್ಕೆ ಬಂದರೆ. ಪಾಸಿನವರು ಜನರಲ್ ಬೋಗಿಯಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲವೆಂದು ಸ್ಲೀಪರ್ ಹತ್ತಿದರೆ ಟಿಸಿ ದಂಡ ಬರೆಯುತ್ತಾರೆ. ಹುಬ್ಬಳ್ಳಿ, ಶಿವಮೊಗ್ಗ ಕಡೆಯಿಂದ ಬರುವ ಗಾಡಿಗಳ ಜನರಲ್ ಬೋಗಿ ತುಮಕೂರು ಮುಟ್ಟುವಷ್ಟರಲ್ಲಿ ತುಂಬಿರುತ್ತದೆ. ಯಶವಂತಪುರ ಸ್ಟೇಷನ್ನಿನ ಹೊರಗೆ, ಔಟರ್ ಸಿಗ್ನಲ್ಲಿನಲ್ಲಿ ಗಾಡಿ ನಿಂತುಬಿಟ್ಟರೆ ಮ್ಯಾನೇಜರ್‌ಗೆ ಏನು ಹೇಳುತ್ತೀರಿ? ಬಸ್ಸಿನ ಕಥೆ ಬೇರೆ. 2021ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೇಬಲ್ ದೋಷ ಬಯಲಾಗಿ, ಬಸ್ಸು ಲಾರಿಗಳು 2024ರ ಜುಲೈವರೆಗೆ ಅದರ ಮೇಲೆ ಹತ್ತುವಂತಿರಲಿಲ್ಲ. ಎರಡೂವರೆ ವರ್ಷ ಗೊರಗುಂಟೆಪಾಳ್ಯದ ಜಾಮಿನಲ್ಲಿ ಕೂತವರಿಗೆ ಯಾರಾದರೂ ಬಾಡಿಗೆ ಇಳಿಸಿದರೇ?

ಮುಂದೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ನನಗಿಲ್ಲ. 2020ರಲ್ಲಿ ಒಪ್ಪಿಗೆ ಸಿಕ್ಕ, 2022ರ ಜೂನಿನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿನ 148 ಕಿ.ಮೀ. ನಕ್ಷೆಯಲ್ಲಿ ತುಮಕೂರು ಇಲ್ಲ, ಆ ದಿಕ್ಕಿನ ಮಾರ್ಗ ಚಿಕ್ಕಬಾಣಾವರಕ್ಕೇ ನಿಲ್ಲುತ್ತದೆ. ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಅಲ್ಲಿಂದ ತುಮಕೂರಿಗೆ ಒಯ್ಯುವ ಮಾತು ಬಜೆಟ್ ಭಾಷಣದಲ್ಲಿ ಬಂದಿದೆ. ಭಾಷಣ ನಂಬಿ ಕರಾರಿಗೆ ಸಹಿ ಹಾಕುವವರು ಹಾಕಲಿ.

ತುಮಕೂರಿನವರ ಪಾಡೂ ಇದೆಯಲ್ಲ. ಬೆಂಗಳೂರಿನ ಸಂಬಳ ತರುವವರಿಗೆ 12 ಸಾವಿರ ಅಗ್ಗ. ಊರಿನ ಬಟ್ಟೆ ಅಂಗಡಿಯಲ್ಲಿ, ಖಾಸಗಿ ಶಾಲೆಯಲ್ಲಿ ದುಡಿಯುವವರಿಗೆ ಅದು ಸಂಬಳದ ದೊಡ್ಡ ಪಾಲು. ಕೊಡುವವರು ಸಿಕ್ಕರೆ ಬಾಡಿಗೆ ಏರುತ್ತದೆ, ಏರಿದ್ದು ಇಳಿಯುವುದಿಲ್ಲ. ಆಗ ಊರಿನವರು ಎಲ್ಲಿಗೆ ಸರಿಯಬೇಕು, ಇನ್ನೂ ಆಚೆಯ ಗುಬ್ಬಿಗೆ?

ನಡುವೆ ಒಂದು ದಾರಿ ಇದೆ, ಅದನ್ನು ಜನ ಯಾಕೋ ನೋಡುವುದೇ ಇಲ್ಲ. ಇದೇ ರೈಲು ಮಾರ್ಗದಲ್ಲಿ ಸೋಲದೇವನಹಳ್ಳಿ, ಚಿಕ್ಕಬಾಣಾವರ ಇವೆ. ಬಾಡಿಗೆ ಮಲ್ಲೇಶ್ವರದಷ್ಟಿಲ್ಲ, ರೈಲಿನಲ್ಲಿ ಕೂರುವ ಹೊತ್ತು ತುಮಕೂರಿನದಕ್ಕಿಂತ ಬಹಳ ಕಡಿಮೆ. ನೀರಿನ ಕಷ್ಟ ಮಾತ್ರ ಕೇಳಿಕೊಂಡೇ ಹೋಗಬೇಕು. ಕಾವೇರಿಯೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರದು ಎಂಬುದನ್ನು ಓನರ್ ಬಿಟ್ಟು ಕೆಳಗಿನ ಮನೆಯವರ ಹತ್ತಿರ ವಿಚಾರಿಸಿ, ಆಮೇಲೆ ಟೋಕನ್ ಅಡ್ವಾನ್ಸ್ ಕೊಡಿ.